ಬಂಗುಡೆಯ ವಿಷ ಬೇಯಿಸಿದರೂ ಹೋಗದು



"ಚೆನ್ನಾಗಿ ಬೇಯಿಸಿದರೆ ಯಾವ ಮೀನೂ ಏನೂ ಮಾಡುವುದಿಲ್ಲ" – ಸಂಘದ ಸಭೆಗಳಲ್ಲಿ ನಾವು ಆಗಾಗ ಕೇಳುವ ಮಾತಿದು. ಆದರೆ ಬಂಗುಡೆ, ಬೂತಾಯಿ, ಟ್ಯೂನ ಮೀನುಗಳ ವಿಷಯದಲ್ಲಿ ಈ ನಂಬಿಕೆ ಸರಿಯಲ್ಲ.

ಈ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಸಹಜವಾಗಿಯೇ ಹೆಚ್ಚು. ಅದರಿಂದ ತೊಂದರೆಯಿಲ್ಲ. ಆದರೆ ಸತ್ತ ಮೀನು ಐಸ್ ಇಲ್ಲದೆ ಬಿಸಿಲಲ್ಲಿ ಬಿದ್ದಿದ್ದರೆ, ಕಿವಿರು ಮತ್ತು ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ಬೆಳೆದು ಹಿಸ್ಟಿಡಿನನ್ನು ಹಿಸ್ಟಮೈನ್ ಎಂಬ ವಿಷವಾಗಿ ಮಾರ್ಪಡಿಸುತ್ತವೆ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಮಾತ್ರ ಉಳಿಯುತ್ತದೆ. ಹುರಿದರೂ, ಉಪ್ಪು ಹಾಕಿ ಒಣಗಿಸಿದರೂ, ಆಮೇಲೆ ಫ್ರಿಜ್‌ನಲ್ಲಿಟ್ಟರೂ ಹೋಗುವುದಿಲ್ಲ. ಕೆಟ್ಟ ವಾಸನೆ ಬರುವ ಮೊದಲೇ ವಿಷ ಉಂಟಾಗಿರಬಹುದು.

ಗುರುತಿಸುವುದು ಹೇಗೆ?

ತಿಂದ ಕೆಲವೇ ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮುಖ, ಕುತ್ತಿಗೆ ಕೆಂಪಾಗುತ್ತದೆ. ಬಾಯಿ ಉರಿ, ತಲೆನೋವು, ತುರಿಕೆ, ದದ್ದು, ಎದೆ ಡವಡವ, ವಾಂತಿ, ಭೇದಿ ಕಾಣಿಸಬಹುದು. "ನನಗೆ ಮೀನು ಆಗಿಬರುವುದಿಲ್ಲ" ಅಂತ ಸುಮ್ಮನಾಗುವವರಿದ್ದಾರೆ. ಒಂದೇ ಸಾರು ಉಂಡ ಹಲವರಿಗೆ ಒಟ್ಟಿಗೆ ಹೀಗಾದರೆ ಮೀನಿನ ಮೇಲೆಯೇ ಸಂಶಯಪಡಬೇಕು. ಹೆಚ್ಚಿನವರಿಗೆ ಒಂದೆರಡು ದಿನದೊಳಗೆ ವಾಸಿಯಾಗುತ್ತದೆ. ಆದರೂ ಡಾಕ್ಟರಿಗೆ ತೋರಿಸಿ, ಯಾವ ಮೀನು ತಿಂದದ್ದು ಅಂತ ಹೇಳಿ. ಉಸಿರಾಡಲು ಕಷ್ಟವಾದರೆ, ತಲೆಸುತ್ತಿ ಬಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಾವು ಏನು ಮಾಡಬೇಕು?

* ಮೀನು ಕೈಗೆ ಬಂದ ಕೂಡಲೇ ಐಸ್ ಹಾಕಿ. 1 ಕಿಲೋ ಮೀನಿಗೆ 1 ಕಿಲೋ ಐಸ್, ಕೆಳಗೂ ಮೇಲೂ ಇರಲಿ.
* ಮನೆಗೆ ತಂದ ಮೀನಿನ ಕಿವಿರು, ಕರುಳು ತೆಗೆದು ತೊಳೆದು ಬೇಗ ಬೇಯಿಸಿ. ಇಡುವುದಾದರೆ 4 ಡಿಗ್ರಿಗಿಂತ ತಣ್ಣಗಿನ ಫ್ರಿಜ್‌ನಲ್ಲಿಡಿ.
* ಒಣಗಿಸುವುದಕ್ಕೂ ತಾಜಾ ಮೀನೇ ಬೇಕು. ಸಂಜೆಗೆ ಉಳಿದು ಬಾಡಿದ್ದನ್ನು ಒಣಗಿಸಬೇಡಿ.
* ಬಲೂನಿನಂತೆ ಹೊಟ್ಟೆ ಉಬ್ಬಿಸುವ ಮೀನಿನ ವಿಷ ಬೇರೆ, ಅದು ಜೀವವನ್ನೇ ತೆಗೆಯಬಲ್ಲದು. ಬಲೆಗೆ ಸಿಕ್ಕಿದರೂ ತಿನ್ನಬೇಡಿ, ಮಾರಬೇಡಿ.

"ಐಸಿಗೇ ದುಡ್ಡು ಹೋದರೆ ನಮಗೆ ಉಳಿಯುವುದೇನು?" ಅಂತ ಮೀನು ಮಾರುವ ಸಹೋದರಿಯರು ಕೇಳುತ್ತಾರೆ. ಅವರ ಕಷ್ಟ ಸುಳ್ಳಲ್ಲ. ನಾಲ್ಕೈದು ಮಂದಿ ಸೇರಿ ಒಟ್ಟಿಗೆ ಐಸ್ ತರಿಸಿದರೆ ಖರ್ಚು ಹಂಚಿಹೋಗುತ್ತದೆ. ಐಸ್ ಪೆಟ್ಟಿಗೆ ಕೊಳ್ಳಲು ಸಂಘದ ಉಳಿತಾಯದಿಂದ ಸಾಲ ಪಡೆಯಬಹುದು. ನಮ್ಮ ಬುಟ್ಟಿಯ ಮೀನು ತಿಂದು ಒಂದು ಮನೆಯ ಮಕ್ಕಳು ಮಲಗಿದರೆ, ಆ ಮನೆಯವರು ಮತ್ತೆ ನಮ್ಮ ಹತ್ತಿರ ಬರುವುದಿಲ್ಲ. ಮುಂದಿನ ಸಭೆಯಲ್ಲಿ ಈ ವಿಷಯ ಮಾತಾಡೋಣ.