ಮನೆ ಸರ್ವರಿಗೆ ಹಳೇ ಲ್ಯಾಪ್‌ಟಾಪೇ ಸಾಕು

1933ರ ನಂತರ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅವ್ವನನ್ನು ಕರಕೊಂಡು ಹೋಗಿ ಫೋಟೋ ತೆಗೆದಿದ್ದೆ. ಮರುವರ್ಷ ಅವ್ವ ತೀರಿಹೋದಳು. ಆಮೇಲೆ ಫೋನೂ ಕೆಟ್ಟಿತು. ಫೋಟೋ ಹೋಯ್ತು, ಜೊತೆಗೆ ನಾನು ಬರೆದಿಟ್ಟ ನಾಲ್ಕು ವರ್ಷದ ಮಳೆ ಲೆಕ್ಕವೂ ಹೋಯ್ತು. ಆಗ ಮಗ ಹೇಳಿದ, 'ಅಪ್ಪಾ, ಮನೇಲೇ ಒಂದು ಸರ್ವರ್ ಇಡೋಣ.'

ಸರ್ವರ್ ಅಂದರೆ ಹೆದರಬೇಕಾಗಿಲ್ಲ. ಹಗಲೂ ರಾತ್ರಿ ಚಾಲೂ ಇದ್ದು, ಮನೆಯ ಫೋನುಗಳು ಕೊಟ್ಟದ್ದನ್ನು ಇಟ್ಟುಕೊಂಡು, ಕೇಳಿದಾಗ ಕೊಡುವ ಕಂಪ್ಯೂಟರ್, ಅಷ್ಟೇ.

ನಾವು ಮೂರು ದಾರಿ ನೋಡಿದೆವು. ಹಳೇ ಡೆಸ್ಕ್‌ಟಾಪ್ ಅಗ್ಗ. ಆದರೆ 60 ವ್ಯಾಟ್ ಎಳೆದರೆ ತಿಂಗಳಿಗೆ 43 ಯೂನಿಟ್. ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಗಲದ ಬೋರ್ಡು 5 ವ್ಯಾಟಿನಲ್ಲೇ ನಡೆಯುತ್ತೆ. ಆದರೆ ಮೆಮೊರಿ ಕಾರ್ಡಿನ ಮೇಲೆ ಓಡಿಸಿದರೆ, ಕರೆಂಟು ತಟ್ಟನೆ ಹೋದಾಗ ಕಾರ್ಡು ಕೆಡುವ ಭಯ. ನಮ್ಮ ಯಲ್ಲದಕೆರೆ ಕಡೆ ಕರೆಂಟು ಹೇಳಿ ಹೋಗುತ್ತಾ? ಹಳೇ ಲ್ಯಾಪ್‌ಟಾಪಿಗೆ ಬ್ಯಾಟರಿ ಒಳಗೇ ಇದೆ, ಬೇರೆ ಯುಪಿಎಸ್ ಬೇಡ. 15 ವ್ಯಾಟ್ ಅಂದರೂ ತಿಂಗಳಿಗೆ 11 ಯೂನಿಟ್. ಅದನ್ನೇ ಆರಿಸಿದೆವು.

ಹಳೇದು ಕೊಳ್ಳುವಾಗ ಎತ್ತು ಕೊಂಡ ಹಾಗೇ. ಹಲ್ಲು ನೋಡಬೇಕು, ನಾಲ್ಕು ಹೆಜ್ಜೆ ನಡೆಸಬೇಕು.

* ಕಂಪನಿಗಳ ಆಫೀಸುಗಳಲ್ಲಿ ಬಳಸಿ ಮಾರಿದ ಮಾಡೆಲ್ ಮೇಲು. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್‌ಗಳಿಗೆ ಬಿಡಿಭಾಗ ಸಿಗುತ್ತೆ.
* ರ‍್ಯಾಮ್ 8 ಜಿಬಿ ಇರಲಿ. ಸ್ಕ್ರೀನ್ ಗೀರು ಬಿದ್ದಿದ್ದರೂ ಚಿಂತೆಯಿಲ್ಲ, ಬೆಲೆ ಇಳಿಸಿ ಕೇಳಿ.
* ಪ್ಲಗ್ ತೆಗೆದು ಅರ್ಧ ಗಂಟೆ ಓಡಿಸಿ ನೋಡಿ. ಬ್ಯಾಟರಿ ಉಬ್ಬಿದ್ದರೆ ಮುಟ್ಟಬೇಡಿ, ಬೆಂಕಿ ಹತ್ತೀತು.
* ಹಳೇ ಡಿಸ್ಕ್ ನಂಬಬೇಡಿ. ಹೊಸ ಎಸ್‌ಎಸ್‌ಡಿ ಹಾಕಿಸಿ. ತಿರುಗುವ ಭಾಗವಿಲ್ಲದ್ದರಿಂದ ಅಲುಗಾಟ ತಡೆಯುತ್ತೆ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮಗ ತಂದ ಲ್ಯಾಪ್‌ಟಾಪಿಗೆ 9 ಸಾವಿರ ಬಿತ್ತು, ಡಿಸ್ಕಿನ ಖರ್ಚು ಬೇರೆ. ಲಿನಕ್ಸ್ ಪುಕ್ಕಟೆ. ಮುಚ್ಚಳ ಮುಚ್ಚಿದರೂ ನಿದ್ದೆಗೆ ಹೋಗದ ಹಾಗೆ ಸೆಟ್ ಮಾಡಿದ್ದಾನೆ. ನಮ್ಮ ಕಡೆ ಧೂಳು ಜಾಸ್ತಿ. ಫ್ಯಾನಿನ ಧೂಳನ್ನು ಎರಡು ತಿಂಗಳಿಗೊಮ್ಮೆ ಬ್ರಶ್‌ನಿಂದ ತೆಗೆಯುತ್ತೇನೆ.

ಒಂದು ಮಾತು ಮರೀಬೇಡಿ. ಸರ್ವರ್ ಇದ್ದರೂ ಇನ್ನೊಂದು ಪ್ರತಿ ಬೇಕೇ ಬೇಕು. ಬಿತ್ತನೆ ಬೀಜವನ್ನೆಲ್ಲ ಒಂದೇ ಗುಡಾಣದಲ್ಲಿ ಇಡುತ್ತೇವಾ? ಸಿಡಿಲು ಹೊಡೆದರೆ, ಕಳ್ಳತನವಾದರೆ ಎಲ್ಲಾ ಒಟ್ಟಿಗೇ ಹೋಗುತ್ತೆ. ತಿಂಗಳಿಗೊಮ್ಮೆ ಬೇರೆ ಡಿಸ್ಕಿಗೆ ನಕಲು ಮಾಡಿ ಹೊಸದುರ್ಗದ ಮಗಳ ಮನೆಯಲ್ಲಿ ಇಡುತ್ತೇನೆ.

ಪಹಣಿ, ಸಾಲದ ರಸೀದಿ, ಮಳೆ ಲೆಕ್ಕ ಎಲ್ಲಾ ಈಗ ಅದರಲ್ಲಿವೆ. ಅವ್ವನ ಫೋಟೋ ಮಾತ್ರ ಸಿಗಲಿಲ್ಲ. ನಿಮ್ಮ ಫೋನು ಇನ್ನೂ ನೆಟ್ಟಗಿರುವಾಗಲೇ ಈ ಕೆಲಸ ಮಾಡಿಕೊಳ್ಳಿ.