ಕೊಡಗು ರಾಜ್ಯದ ಮೊದಲ ಹಾಗೂ ಕಡೆಯ ಮುಖ್ಯಮಂತ್ರಿ

ಕೊಡಗನ್ನು ಆಳಿದವರೆಂದೊಡನೆ ನಮ್ಮ ಸಮಾಜದ ಮನೆಗಳಲ್ಲಿ ಮೊದಲು ನೆನಪಾಗುವವರು ಹಾಲೇರಿ ವಂಶದ ಅರಸರು. ಲಿಂಗಧಾರಿಗಳಾದ ಆ ದೊರೆಗಳು ಎರಡು ಶತಮಾನಗಳಿಗೂ ಮಿಕ್ಕು ಈ ಮಲೆನಾಡನ್ನು ಆಳಿದರು. ದೊಡ್ಡವೀರರಾಜೇಂದ್ರನು ಪಿರಿಯಾಪಟ್ಟಣದ ಸೆರೆಯಿಂದ ಪಾರಾಗಿ ಬಂದು ನಾಡನ್ನು ಮರಳಿ ಗೆದ್ದ ಕಥೆಯನ್ನು ಹಿರಿಯರು ಇಂದಿಗೂ ಹೇಳುವುದುಂಟು. ಲಿಂಗರಾಜನು 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಾಲಯವನ್ನು ಮಡಿಕೇರಿಗೆ ಹೋದವರೆಲ್ಲ ಕಂಡಿರುತ್ತಾರೆ. 1834ರಲ್ಲಿ ಚಿಕ್ಕವೀರರಾಜನು ಪದಚ್ಯುತನಾದ ದುಃಖದ ಪ್ರಸಂಗವೂ ಎಲ್ಲರಿಗೂ ತಿಳಿದದ್ದೇ. ಆದರೆ ಅಲ್ಲಿಂದ 118 ವರ್ಷಗಳ ಮೇಲೆ ಇದೇ ನಾಡು ತನ್ನದೇ ಮತದಿಂದ ತನ್ನ ನಾಯಕನನ್ನು ಆರಿಸಿಕೊಂಡಿತು, ನಾಲ್ಕೂವರೆ ವರ್ಷಕಾಲ ಒಂದು ಪ್ರತ್ಯೇಕ ರಾಜ್ಯವಾಗಿ ಬಾಳಿತು ಎಂಬುದನ್ನು ಬಲ್ಲ ಕಿರಿಯರು ವಿರಳ. ಆ ನಾಯಕನ ಹಾಗೂ ಅಂಥದೇ ಕಿರಿದಾದ ಪೀಠಗಳಲ್ಲಿ ಕುಳಿತು ಮೇಲೇರಿದ ಕೆಲವರ ಜೀವನವನ್ನು ಕುರಿತು ಇಲ್ಲಿ ನಾಲ್ಕು ಮಾತು ಬರೆಯಬಯಸುತ್ತೇವೆ.

ಅರಸನು ಹೋದ ಮೇಲೆ ಕೊಡಗಿಗೆ ಬಂದ ಒಡೆಯರು ಬಹುಕಾಲ ಕೊಡಗಿನಲ್ಲಿ ವಾಸವೇ ಇರಲಿಲ್ಲ. ಮೈಸೂರಿನ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಆಂಗ್ಲ ಅಧಿಕಾರಿಯೇ ಬೆಂಗಳೂರಿನಲ್ಲಿ ಕುಳಿತು ಕೊಡಗಿನ ಮುಖ್ಯಾಧಿಕಾರವನ್ನೂ ನಡೆಸುತ್ತಿದ್ದನು. 1924ರಲ್ಲಿ 20 ಸದಸ್ಯರ ಒಂದು ಶಾಸನ ಪರಿಷತ್ತು ಸ್ಥಾಪಿತವಾದರೂ ಕೀಲಿಕೈ ಅಧಿಕಾರಿಯ ಬಳಿಯೇ ಉಳಿಯಿತು. ಕೊಡಗಿಗೆಂದೇ ಪ್ರತ್ಯೇಕ ಚೀಫ್ ಕಮಿಷನರ್ ಬಂದದ್ದು 1940ರಲ್ಲಿ. ಸ್ವಾತಂತ್ರ್ಯ ಬಂದ ಕಾಲಕ್ಕೆ ಆ ಸ್ಥಾನದಲ್ಲಿದ್ದವರು ಕೊಡಗಿನವರೇ ಆದ ದಿವಾನ್ ಬಹದ್ದೂರ್ ಕೇಟೋಳಿರ ಚೆಂಗಪ್ಪನವರು. ಅವರು 1949ರವರೆಗೆ ಆ ಹೊಣೆಯನ್ನು ಹೊತ್ತರು.

1950ರ ಜನವರಿ 26ರಂದು ಸಂವಿಧಾನವು ಜಾರಿಗೆ ಬಂದಾಗ ಕೊಡಗು ‘ಸಿ’ ವರ್ಗದ ರಾಜ್ಯವೆನಿಸಿತು. ಇದರ ಅರ್ಥವನ್ನು ಓದುಗರು ಸ್ವಲ್ಪ ಗಮನಿಸಬೇಕು. ಮೈಸೂರಿಗೆ ರಾಜಪ್ರಮುಖರಿದ್ದರು, ಮದರಾಸಿಗೆ ರಾಜ್ಯಪಾಲರಿದ್ದರು. ಕೊಡಗಿಗೆ ಇಬ್ಬರೂ ಇರಲಿಲ್ಲ. ಇಲ್ಲಿಯ ಆಡಳಿತದ ಒಡೆತನ ನೇರವಾಗಿ ರಾಷ್ಟ್ರಪತಿಗಳದು. ಅವರ ಪರವಾಗಿ ಚೀಫ್ ಕಮಿಷನರ್ ಇರುತ್ತಿದ್ದರು. ಸಂಪಾಜೆಯಿಂದ ಕುಟ್ಟದವರೆಗಿನ ಈ ಪುಟ್ಟ ನಾಡಿಗೆ ಪ್ರಥಮ ರಾಷ್ಟ್ರಪತಿ ಡಾ. ರಾಜೇಂದ್ರಪ್ರಸಾದರೇ ಒಂದು ರೀತಿಯಲ್ಲಿ ಮನೆಯ ಯಜಮಾನರಾಗಿದ್ದರು. 1951ರಲ್ಲಿ ಸಂಸತ್ತು ಒಂದು ಕಾಯಿದೆಯನ್ನು ಮಾಡಿ ಅಜ್ಮೀರ, ಭೋಪಾಲ, ದೆಹಲಿ, ಹಿಮಾಚಲ ಪ್ರದೇಶ, ವಿಂಧ್ಯ ಪ್ರದೇಶ ಮತ್ತು ಕೊಡಗು ಎಂಬ ಆರು ರಾಜ್ಯಗಳಿಗೆ ವಿಧಾನಸಭೆಯನ್ನು ಕೊಟ್ಟಿತು. ಆ ಸಭೆಗಳು ಒಪ್ಪಿದ ಮಸೂದೆಯು ರಾಷ್ಟ್ರಪತಿಗಳ ಅಂಕಿತಕ್ಕೆ ದೆಹಲಿಗೆ ಹೋಗಿ ಬರಬೇಕಾಗಿತ್ತು.

1952ರ ಚುನಾವಣೆಯಲ್ಲಿ ಕೊಡಗಿನ ವಿಧಾನಸಭೆಗೆ ಇದ್ದ ಸ್ಥಾನಗಳು 24. ಕಾಂಗ್ರೆಸ್ಸು 15 ಗೆದ್ದಿತು. ಉಳಿದ 9 ಸ್ಥಾನಗಳು ‘ಕೊಡಗಿನ ಗಾಂಧಿ’ ಎಂದೇ ಜನರು ಕರೆಯುತ್ತಿದ್ದ ಪಂದ್ಯಂಡ ಬೆಳ್ಯಪ್ಪನವರ ಮುಂದಾಳುತನದ ತಕ್ಕಡಿ ಪಕ್ಷದ ಪಾಲಾದವು. ಮಾರ್ಚ್ 27ರಂದು ಚೆಪ್ಪುಡಿರ ಮುತ್ತಣ್ಣ ಪೂಣಚ್ಚನವರು ಮುಖ್ಯಮಂತ್ರಿಗಳಾದರು. ಅವರ ಮಂತ್ರಿಮಂಡಲವೆಂದರೆ ಎಷ್ಟು ಮಂದಿ? ಇಬ್ಬರೇ! ಮುಖ್ಯಮಂತ್ರಿ ಒಬ್ಬರು, ಗೃಹಮಂತ್ರಿ ಕೆ. ಮಲ್ಲಪ್ಪನವರು ಇನ್ನೊಬ್ಬರು. ಖಾತೆ ಹಂಚುವ ಜಗಳಕ್ಕೆ ಅಲ್ಲಿ ಎಡೆಯೇ ಇರಲಿಲ್ಲವೆಂದು ನಾವು ಊಹಿಸುತ್ತೇವೆ.

1910ರಲ್ಲಿ ಜನಿಸಿದ ಪೂಣಚ್ಚನವರು ತಾರುಣ್ಯದಲ್ಲಿಯೇ ಸ್ವಾತಂತ್ರ್ಯ ಚಳವಳಿಗೆ ಧುಮುಕಿ ಹಲವು ಬಾರಿ ಸೆರೆಮನೆ ಕಂಡವರು. ಭಾರತದ ಸಂವಿಧಾನ ಸಭೆಯಲ್ಲಿ ಕೊಡಗಿನ ಪ್ರತಿನಿಧಿಯಾಗಿ ಕುಳಿತವರೂ ಅವರೇ. ಮುಖ್ಯಮಂತ್ರಿಯಾದಾಗ ಅವರಿಗೆ ನಲವತ್ತೊಂದು ವರ್ಷ ಪ್ರಾಯ. 1951ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ 2,29,405. ಅಂದರೆ ಹತ್ತು ಸಾವಿರಕ್ಕೂ ಕಡಮೆ ಜನರಿಗೆ ಒಬ್ಬ ಶಾಸಕ. ಶನಿವಾರಸಂತೆಯ ರೈತನಾಗಲಿ ಕೊಡ್ಲಿಪೇಟೆಯ ವ್ಯಾಪಾರಿಯಾಗಲಿ ತನ್ನ ಅಹವಾಲನ್ನು ಮುಖ್ಯಮಂತ್ರಿಯ ಮುಂದಿಡಬೇಕಾದರೆ ಮಡಿಕೇರಿಗೆ ಹೋದರೆ ಸಾಕು. ರಾಜ್ಯಾಡಳಿತವು ಇಷ್ಟು ಸಮೀಪದಲ್ಲಿದ್ದ ಉದಾಹರಣೆ ಕನ್ನಡ ನಾಡಿನಲ್ಲಿ ಮತ್ತೊಂದಿಲ್ಲ. ಆ ಸಭೆಯು ಮಾಡಿದ ಶಾಸನಗಳಲ್ಲಿ 1956ರ ದೇವಾಲಯ ನಿಧಿಗಳ ಆಡಳಿತದ ಕಾಯಿದೆಯೂ ಒಂದು. ಕರ್ನಾಟಕದ 1997ರ ಏಕರೂಪ ಶಾಸನವು ಜಾರಿಗೆ ಬರುವ ತನಕ ಅದು ನಿಂತಿತು. ಅದನ್ನು ಮಾಡಿದ ರಾಜ್ಯವಾದರೋ ಅದೇ ವರ್ಷವೇ ಇಲ್ಲವಾಯಿತು.

ಇಲ್ಲವಾದದ್ದು ಹೇಗೆ? 1953ರ ಡಿಸೆಂಬರಿನಲ್ಲಿ ನೇಮಕವಾದ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ಸೆಪ್ಟೆಂಬರಿನಲ್ಲಿ ವರದಿಯನ್ನೊಪ್ಪಿಸಿ, ಕೊಡಗು ಕನ್ನಡ ರಾಜ್ಯದೊಡನೆ ಸೇರಬೇಕೆಂದು ಹೇಳಿತು. ಈ ವಿಚಾರದಲ್ಲಿ ನಾಡಿನ ಒಳಗೇ ಎರಡು ಮತಗಳಿದ್ದವು. ಬೆಳ್ಯಪ್ಪನವರ ಕಡೆಯವರು ಕೊಡಗು ಪ್ರತ್ಯೇಕವಾಗಿಯೇ ಉಳಿಯಬೇಕೆಂದರು. ತನ್ನ ಆಚಾರ, ಭಾಷೆ, ಭೂಸ್ವರೂಪ ಎಲ್ಲವೂ ಬೇರೆಯಾಗಿರುವ ಸಣ್ಣ ನಾಡು ದೊಡ್ಡ ರಾಜ್ಯದೊಳಗೆ ಕರಗಿಹೋದೀತೆಂಬುದು ಅವರ ಭಯ. ಪೂಣಚ್ಚನವರ ಪಕ್ಷ ವಿಲೀನದ ಕಡೆಗಿತ್ತು. ಹಾಲೇರಿ ಅರಸರ ಕಾಲದಿಂದಲೂ ಆಸ್ಥಾನದ ಬರವಣಿಗೆ ಕನ್ನಡವೇ. ದೊಡ್ಡವೀರರಾಜೇಂದ್ರನು ಬರೆಸಿದ ‘ರಾಜೇಂದ್ರನಾಮೆ’ಯೂ ಕನ್ನಡದ ಕೃತಿ. ಆದ್ದರಿಂದ ವಿಲೀನವು ಅಸಹಜವಾದುದೆಂದು ನಾವು ಹೇಳಲಾರೆವು. ಆದರೂ ಬೆಳ್ಯಪ್ಪನವರ ಭಯವನ್ನು ಸ್ವಾರ್ಥವೆಂದು ತಳ್ಳಿಹಾಕುವವರ ಮಾತನ್ನು ನಾವು ಒಪ್ಪುವುದಿಲ್ಲ.

ಒಬ್ಬ ಮುಖ್ಯಮಂತ್ರಿಗೆ ತನ್ನ ರಾಜ್ಯವೇ ಮುಗಿಯುವ ದಿನಾಂಕವು ಮೊದಲೇ ಗೊತ್ತಾಗಿರುವುದು ವಿಚಿತ್ರ ಸ್ಥಿತಿ. 1956ರ ಅಕ್ಟೋಬರ್ 31ರ ರಾತ್ರಿಗೆ ಪೂಣಚ್ಚನವರ ಪದವಿ ಮುಗಿಯಿತು. ಸೋತು ಹೋದದ್ದಲ್ಲ, ಯಾರೂ ಇಳಿಸಿದ್ದೂ ಅಲ್ಲ. ಕುಳಿತ ಪೀಠವೇ ಇಲ್ಲದಾಯಿತು. ನವೆಂಬರ್ 1ರಂದು ಕೊಡಗು ವಿಶಾಲ ಮೈಸೂರಿನ ಒಂದು ಜಿಲ್ಲೆಯಾಗಿ ಬೆಳಗು ಕಂಡಿತು. ಅವರು ಕೊರಗುತ್ತ ಕೂರದೆ ಹೊಸ ರಾಜ್ಯದಲ್ಲಿ ಮಂತ್ರಿಯಾಗಿ ಕೆಲಸ ಮಾಡಿದರು. ಮುಂದೆ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ನಿನ ಅಧ್ಯಕ್ಷರಾದರು, 1967ರಲ್ಲಿ ಮಂಗಳೂರಿನಿಂದ ಲೋಕಸಭೆಗೆ ಆರಿಸಿಬಂದರು, ಅದೇ ವರ್ಷ ಕೇಂದ್ರದ ರೈಲ್ವೆ ಮಂತ್ರಿಗಳೂ ಆದರು. ರೈಲು ಹಳಿಯೇ ಇಲ್ಲದ ಜಿಲ್ಲೆಯವರು ಇಡೀ ದೇಶದ ರೈಲುಗಳನ್ನು ನಡೆಸಿದರೆಂಬುದು ಕೌತುಕದ ಸಂಗತಿ. ಕೊಡಗಿಗೆ ಇಂದಿಗೂ ರೈಲು ಬಂದಿಲ್ಲ. ಬಳಿಕ 1978ರಿಂದ ಮಧ್ಯಪ್ರದೇಶದಲ್ಲಿಯೂ, 1980ರಿಂದ 83ರವರೆಗೆ ಒಡಿಶಾದಲ್ಲಿಯೂ ರಾಜ್ಯಪಾಲರಾಗಿದ್ದು, 1990ರಲ್ಲಿ ದಿವಂಗತರಾದರು.

ಒಡಿಶಾದ ಅದೇ ರಾಜಭವನದಲ್ಲಿ ಅವರಿಗಿಂತ ಮುಂಚೆ ಮತ್ತೊಬ್ಬ ಕನ್ನಡಿಗರಿದ್ದರು. ಅವರೇ ನಮ್ಮ ಸಮಾಜದ ಬಸಪ್ಪ ದಾನಪ್ಪ ಜತ್ತಿಯವರು. 1912ರಲ್ಲಿ ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ ಜನಿಸಿದ ಜತ್ತಿಯವರ ಬಾಳು ಪೂಣಚ್ಚನವರ ಬಾಳಿಗೆ ಕನ್ನಡಿ ಹಿಡಿದಂತಿದೆ. ಅವರೂ ಒಂದು ಸಣ್ಣ ಸಂಸ್ಥಾನದ ದಿವಾನರಾದರು. ಅವರೂ ಆ ಸಂಸ್ಥಾನವು ವಿಲೀನವಾಗುವುದನ್ನು ಅಧಿಕಾರದಲ್ಲಿದ್ದುಕೊಂಡೇ ನೋಡಿದರು. 1948ರ ಮಾರ್ಚ್ 8ರಂದು ಜಮಖಂಡಿಯು ಮುಂಬಯಿ ಪ್ರಾಂತಕ್ಕೆ ಸೇರಿತು. ದಿವಾನಗಿರಿ ಹೋದ ಮೇಲೆ ಜತ್ತಿಯವರು ಮಾಡಿದ್ದೇನು? ಕರಿ ಕೋಟು ತೊಟ್ಟು ಮತ್ತೆ ವಕೀಲಿಗೆ ಹೋದರು. ಸುಮಾರು 20 ತಿಂಗಳು ಅದನ್ನೇ ನಡೆಸಿದರು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಹೇಳುವವರು ಬಹಳ. ದಿವಾನರಾಗಿದ್ದವರು ಕೋರ್ಟಿನ ಮೆಟ್ಟಿಲು ಮತ್ತೆ ಹತ್ತಿದ್ದು ನಮಗೆ ದೊಡ್ಡದಾಗಿ ಕಾಣುತ್ತದೆ.

ಅಲ್ಲಿಂದ ಮುಂದೆ ಅವರು ಮುಂಬಯಿಯಲ್ಲಿ ಮೊರಾರ್ಜಿ ದೇಸಾಯಿಯವರ ಸರಕಾರದಲ್ಲಿ ಉಪಮಂತ್ರಿ, 1958ರಿಂದ 62ರವರೆಗೆ ಮೈಸೂರಿನ ಮುಖ್ಯಮಂತ್ರಿ, 1964ರಲ್ಲಿ ಬಸವ ಸಮಿತಿಯ ಸ್ಥಾಪಕರು, ಆಮೇಲೆ ಪಾಂಡಿಚೇರಿ, ಒಡಿಶಾ, 1974ರಲ್ಲಿ ಉಪರಾಷ್ಟ್ರಪತಿ. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ನಿಧನರಾದಾಗ ಜತ್ತಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ನಾವು ಆಗ ಮಠದ ವಿದ್ಯಾರ್ಥಿಗಳು. ಬಸವಣ್ಣನವರ ನಾಡಿನವರೊಬ್ಬರು ರಾಷ್ಟ್ರಪತಿ ಭವನ ಸೇರಿದರೆಂದು ಗುರುಗಳು ಪಾಠದ ನಡುವೆಯೇ ತಿಳಿಸಿದ್ದು ನೆನಪಿದೆ. ಮಾರ್ಚ್ 24ರಂದು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಲು ಅವರೆದುರು ನಿಂತವರು ಅದೇ ಮೊರಾರ್ಜಿಯವರು. ಯಾರ ಕೈಕೆಳಗೆ ಉಪಮಂತ್ರಿಯಾಗಿದ್ದರೋ ಅವರಿಗೇ ವಚನ ಬೋಧಿಸುವ ಯೋಗ ಎಷ್ಟು ಜನಕ್ಕೆ ಬಂದೀತು!

ಮರು ತಿಂಗಳೇ ಸಂಕಟ ಬಂದಿತು. ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂಬ ಸರಕಾರದ ಸಲಹೆಗೆ ಜತ್ತಿಯವರು ತಕ್ಷಣ ಅಂಕಿತ ಹಾಕಲಿಲ್ಲ. ಕಡೆಗೆ ಏಪ್ರಿಲ್ 30ರಂದು ಹಾಕಿದರು. ತಡೆದದ್ದೇ ತಪ್ಪೆಂದವರುಂಟು, ಹಾಕಿದ್ದು ತಪ್ಪೆಂದವರೂ ಉಂಟು. ಸಂವಿಧಾನದಂತೆ ಮಂತ್ರಿಮಂಡಲದ ಸಲಹೆಯೇ ಕಡೆಯ ಮಾತಾದ್ದರಿಂದ ಅಂಕಿತವು ಸರಿ. ಆದರೆ ಜನರು ಆರಿಸಿದ ಸಭೆಯೊಂದನ್ನು ಲೇಖನಿಯ ಒಂದು ಗೆರೆಯಿಂದ ಇಲ್ಲವಾಗಿಸುವ ಮುನ್ನ ಕೈ ತಡೆಯುವುದೂ ಸರಿಯೆಂದೇ ನಮ್ಮ ಅಭಿಪ್ರಾಯ. ಜುಲೈ 25ರಂದು ನೀಲಂ ಸಂಜೀವ ರೆಡ್ಡಿಯವರಿಗೆ ಪೀಠವನ್ನು ಬಿಟ್ಟುಕೊಟ್ಟು ಅವರು ಮತ್ತೆ ಉಪರಾಷ್ಟ್ರಪತಿಯ ಸ್ಥಾನಕ್ಕೆ ಮರಳಿದರು. 2002ರಲ್ಲಿ ಲಿಂಗೈಕ್ಯರಾದರು.

ಕೊಡಗಿನೊಡನೆಯೇ ವಿಧಾನಸಭೆ ಪಡೆದ ಆರು ರಾಜ್ಯಗಳಲ್ಲಿ ಭೋಪಾಲವೂ ಒಂದೆಂದು ಹೇಳಿದೆವಷ್ಟೆ. ಪೂಣಚ್ಚನವರು ಮಡಿಕೇರಿಯಲ್ಲಿದ್ದ ವರ್ಷಗಳಲ್ಲಿಯೇ ಅಲ್ಲಿ ಮುಖ್ಯಮಂತ್ರಿಯಾಗಿದ್ದ ತರುಣ ಡಾ. ಶಂಕರ ದಯಾಳ ಶರ್ಮರು. ಅವರ ರಾಜ್ಯವೂ 1956ರಲ್ಲಿಯೇ ಮಧ್ಯಪ್ರದೇಶದಲ್ಲಿ ಲೀನವಾಯಿತು. ಅವರು 1992ರಲ್ಲಿ ರಾಷ್ಟ್ರಪತಿಗಳಾದರು. ಆರರ ಪೈಕಿ ಬೇರೆಯಾಗಿಯೇ ಉಳಿದು ಪೂರ್ಣ ರಾಜ್ಯವಾದದ್ದು ಹಿಮಾಚಲ ಮಾತ್ರ, ಅದೂ 1971ರಲ್ಲಿ. ಪ್ರತ್ಯೇಕ ಕೊಡಗು ಬೇಕೆಂದು 1990ರ ದಶಕದಲ್ಲಿ ಮತ್ತೆ ದನಿ ಎದ್ದಾಗ ಹಿಮಾಚಲದ ಹೆಸರನ್ನು ನೆನೆದವರು ನಾವೊಬ್ಬರೇ ಆಗಿರಲಾರೆವು.

ವಿಲೀನದಿಂದ ನಾಯಕರು ಕಿರಿದಾಗಲಿಲ್ಲ. ಪೂಣಚ್ಚ, ಜತ್ತಿ, ಶರ್ಮ ಮೂವರೂ ಮೊದಲ ಪೀಠಕ್ಕಿಂತ ದೊಡ್ಡ ಪೀಠಗಳನ್ನೇ ಕಂಡರು. ನಷ್ಟವೇನಾದರೂ ಆಗಿದ್ದರೆ ಅದು ಸಾಮಾನ್ಯ ಜನರಿಗೆ. ಬೆಳ್ಯಪ್ಪನವರ ತಕ್ಕಡಿಯಲ್ಲಿ ತೂಗಿ ನೋಡಬೇಕಾದ ಲೆಕ್ಕವೊಂದಿದೆ. ಆಗ 24 ಶಾಸಕರಿದ್ದ ಕೊಡಗಿಗೆ 2008ರ ಕ್ಷೇತ್ರವಿಂಗಡಣೆಯ ಬಳಿಕ ಇರುವವರು ಇಬ್ಬರು, ಮಡಿಕೇರಿಗೊಬ್ಬರು, ವಿರಾಜಪೇಟೆಗೊಬ್ಬರು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 5,54,519. ಅಂದು ಇಡೀ ರಾಜ್ಯಕ್ಕೆ ಮುಖ್ಯಮಂತ್ರಿಯಾಗಿದ್ದ ಪೂಣಚ್ಚನವರು ನೋಡಿಕೊಳ್ಳುತ್ತಿದ್ದುದಕ್ಕಿಂತ ಹೆಚ್ಚು ಜನರ ಅಹವಾಲನ್ನು ಇಂದು ಒಬ್ಬೊಬ್ಬ ಶಾಸಕನೂ ಕೇಳಬೇಕಾಗಿದೆ. ಆ ಅಹವಾಲು ತಲುಪಬೇಕಾದ ವಿಧಾನಸೌಧವು ಮಡಿಕೇರಿಯಿಂದ ಸುಮಾರು 260 ಕಿಲೋಮೀಟರ್ ದೂರದಲ್ಲಿದೆ.