ಸಭಾಭವನದ ದನಿ ನಕ್ಷೆಯಲ್ಲೇ ಕೇಳಿಸುತ್ತದೆ

ಕಟ್ಟಡದೊಳಗೆ ಮಾತು ಹೇಗೆ ಕೇಳಿಸೀತು ಎಂಬುದನ್ನು ಅದರ ಅಡಿಪಾಯ ಹಾಕುವ ಮೊದಲೇ ಲೆಕ್ಕ ಹಾಕಬಹುದು. ವಾಸ್ತುಶಿಲ್ಪಿಗಳು ನಕ್ಷೆ ಬರೆಯುವ ಕಂಪ್ಯೂಟರಿನಲ್ಲೇ ಇಂದು ಆ ಲೆಕ್ಕ ನಡೆಯುತ್ತದೆ.

ತುಳುನಾಡಿನ ಕೊಕ್ಕಡದ ಸಮೀಪದ ಸೌತಡ್ಕದಲ್ಲಿ ಮಹಾಗಣಪತಿಗೆ ಗರ್ಭಗುಡಿಯಿಲ್ಲ, ಮಾಡೂ ಇಲ್ಲ. ಹರಕೆ ಹೊತ್ತವರು ಕಟ್ಟಿದ ಗಂಟೆಗಳು ಬಯಲಲ್ಲೇ ತೂಗುತ್ತವೆ. ಅಲ್ಲಿ ಬಾರಿಸಿದ ಗಂಟೆಯ ದನಿ ಹರಡಿಕೊಂಡು ಹೋಗುತ್ತದೆ. ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದಂತೆಲ್ಲ ಶಬ್ದದ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಅದೇ ಗಂಟೆಯನ್ನು ಕಾಂಕ್ರೀಟಿನ ಸಭಾಭವನಕ್ಕೆ ತಂದರೆ ದನಿಗೆ ಹೊರದಾರಿಯಿಲ್ಲ. ಗೋಡೆ, ನೆಲ, ಸ್ಲ್ಯಾಬಿಗೆ ಬಡಿದು ಮರಳುತ್ತಾ ಬಹಳ ಹೊತ್ತು ಗುಂಯ್‌ಗುಡುತ್ತದೆ. ಇದೇ ಅನುರಣನ. ಶಬ್ದ ನಿಂತ ಮೇಲೆ ಅದರ ಮಟ್ಟ 60 ಡೆಸಿಬೆಲ್ ಇಳಿಯಲು ಹಿಡಿಯುವ ಹೊತ್ತೇ ಅನುರಣನದ ಅವಧಿ.

ತುಳುನಾಡಿನಲ್ಲಿ ಇದು ದೊಡ್ಡ ಸಂಗತಿ. ಮಳೆಗಾಲಕ್ಕೆ ಮುನ್ನ ಬರುವ ಪತ್ತನಾಜೆಯ ದಿನದ ಬಳಿಕ ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತದೆ, ಕಲೆ ಬಯಲಿನಿಂದ ಚಾವಡಿಗೂ ಸಭಾಭವನಕ್ಕೂ ಬರುತ್ತದೆ. ಅಲ್ಲಿ ನಡೆಯುವ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಯ ಮಾತೇ ಎಲ್ಲ. ಹಿಂದಿನ ಅಕ್ಷರದ ಗುಂಗು ಅಡಗುವ ಮುನ್ನವೇ ಮುಂದಿನದು ಬಂದರೆ ಸ್ವರಗಳು ಉಬ್ಬಿ ವ್ಯಂಜನಗಳು ಮುಳುಗುತ್ತವೆ. ಆಗ ಧ್ವನಿವರ್ಧಕದ ವಾಲ್ಯೂಮ್ ಏರಿಸಿ ಪ್ರಯೋಜನವಿಲ್ಲ. ಮಾತಿನ ಜೊತೆಗೆ ಗುಂಗೂ ಅಷ್ಟೇ ಏರುತ್ತದೆ.

ಲೆಕ್ಕದ ಮೂಲ ಹಳೆಯದು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾತೇ ತಿಳಿಯದಂತಿದ್ದ ಉಪನ್ಯಾಸ ಕೊಠಡಿಯೊಂದನ್ನು ಸರಿಪಡಿಸುವ ಕೆಲಸ 1895ರಲ್ಲಿ ಭೌತಶಾಸ್ತ್ರದ ಅಧ್ಯಾಪಕ ವಾಲೇಸ್ ಸೇಬಿನ್ ಅವರ ಪಾಲಿಗೆ ಬಂತು. ಆಸನದ ಮೆತ್ತೆಗಳನ್ನು ಒಳಗೆ ತಂದು ಹರಡಿ, ಎಷ್ಟು ಮೆತ್ತೆಗೆ ಗುಂಗು ಎಷ್ಟು ಇಳಿಯುತ್ತದೆ ಎಂದು ಅವರು ಅಳೆದರು. ಹೊರಬಂದ ಸೂತ್ರ ಸರಳ: ಕೋಣೆಯ ಘನಮೀಟರುಗಳನ್ನು 0.161ರಿಂದ ಗುಣಿಸಿ, ಒಳಗಿನ ಒಟ್ಟು ಹೀರಿಕೆಯಿಂದ, ಅಂದರೆ ಪ್ರತಿ ಮೇಲ್ಮೈಯ ಚದರ ಮೀಟರುಗಳನ್ನು ಅದು ಹೀರುವ ಪಾಲಿನಿಂದ ಗುಣಿಸಿ ಕೂಡಿದ ಮೊತ್ತದಿಂದ, ಭಾಗಿಸಬೇಕು.

24 ಮೀಟರ್ ಉದ್ದ, 12 ಮೀಟರ್ ಅಗಲ, 6 ಮೀಟರ್ ಎತ್ತರದ ಒಂದು ಭವನವನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಅದರ ಒಳಗಾತ್ರ 1728 ಘನಮೀಟರ್. ಗಾರೆ ಗೋಡೆ, ಟೈಲ್ಸ್ ನೆಲ, ಕಾಂಕ್ರೀಟ್ ಸ್ಲ್ಯಾಬು ತಮಗೆ ತಾಗಿದ ಶಬ್ದದಲ್ಲಿ ಶೇ. 3ರಷ್ಟನ್ನು ಹೀರುತ್ತವೆ ಎಂದುಕೊಂಡರೆ, ಖಾಲಿ ಭವನದ ಅನುರಣನ ಸುಮಾರು 9 ಸೆಕೆಂಡ್. 30 ಚದರ ಮೀಟರಿನಷ್ಟು ಕಿಟಕಿ ಬಾಗಿಲು ತೆರೆದರೆ ಅದು ಸುಮಾರು 4.6ಕ್ಕೆ ಇಳಿಯುತ್ತದೆ. ಮನುಷ್ಯನ ಮೈ, ಬಟ್ಟೆಗಳೂ ಶಬ್ದ ಹೀರುತ್ತವೆ, ತಲೆಗೆ 0.45 ಚದರ ಮೀಟರಿನಂತೆ ಹಿಡಿದರೆ ಕಿಟಕಿಗಳು ತೆರೆದೇ ಇರುವಾಗ 100 ಮಂದಿ ಸೇರಿದರೆ ಸುಮಾರು 2.6, 300 ಮಂದಿ ತುಂಬಿದಾಗ 1.4 ಸೆಕೆಂಡ್. ಇಂಥ ಭವನದಲ್ಲಿ ಮಾತು ಸ್ಪಷ್ಟವಾಗಲು ಬೇಕಾದದ್ದು ಸುಮಾರು ಒಂದು ಸೆಕೆಂಡ್. ಮದುವೆಯ ದಿನ ಸರಿಯೆನಿಸಿದ ಭವನವೇ ಅರ್ಧ ತುಂಬಿದ ತಾಳಮದ್ದಳೆಯಲ್ಲಿ ಕೈಕೊಡುವುದು ಇದರಿಂದಲೇ. ತಾಗಿದ ಶಬ್ದದ ಶೇ. 70ರಷ್ಟನ್ನು ಹೀರುವ ಹಲಗೆಗಳನ್ನು ಸ್ಲ್ಯಾಬಿನ ಅಡಿಗೆ ಪೂರ್ತಿ ಹೊದಿಸಿ, ಕಿಟಕಿಗಳನ್ನು ತೆರೆದಿಟ್ಟರೆ ಜನರಿಲ್ಲದಾಗಲೂ ಅವಧಿ 1.1 ಸೆಕೆಂಡಿಗೆ ಬರುತ್ತದೆ.

ಆದರೆ ಸೇಬಿನ್ ಸೂತ್ರ ಇಡೀ ಕೋಣೆಗೆ ಒಂದೇ ಅಂಕಿ ಕೊಡುತ್ತದೆ. ಮುಂದಿನ ಸಾಲಿಗೂ ಬಾಲ್ಕನಿಯ ಅಡಿಗೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯದು. ಆ ಕೆಲಸ ಕಂಪ್ಯೂಟರಿನದು. ನಾರ್ವೆಯ ಸಂಶೋಧಕರು 1968ರಲ್ಲಿ ಪ್ರಕಟಿಸಿದ, ಶಬ್ದವನ್ನು ಕಿರಣಗಳಂತೆ ಹಿಂಬಾಲಿಸುವ ವಿಧಾನವೇ ಇದಕ್ಕೆ ಬುನಾದಿ. ಸ್ಕೆಚ್‌ಅಪ್‌ನಂಥ ತಂತ್ರಾಂಶದಲ್ಲಿ ಬರೆದ ಮೂರು ಆಯಾಮದ ನಕ್ಷೆಯನ್ನು ಡೆನ್ಮಾರ್ಕಿನ ಒಡಿಯಾನ್‌ನಂಥ ಶಬ್ದ ತಂತ್ರಾಂಶಕ್ಕೆ ಕೊಡುತ್ತಾರೆ. ರೈನೊ ಎಂಬ ನಕ್ಷೆಯ ತಂತ್ರಾಂಶ ಬಳಸುವವರಿಗೆ ಅದರೊಳಗೇ ಕೆಲಸ ಮಾಡುವ ಪ್ಯಾಕಿಡರ್ಮ್ ಇದೆ. ಪ್ರತಿ ಮೇಲ್ಮೈಗೂ ಅದರ ಹೀರಿಕೆಯ ಅಂಕಿಯನ್ನು ತಗ್ಗು ಶ್ರುತಿಯಿಂದ ಹೆಚ್ಚು ಶ್ರುತಿಯವರೆಗೆ ಬೇರೆಬೇರೆಯಾಗಿ ತುಂಬುತ್ತಾರೆ. ವೇದಿಕೆಯಿಂದ ಹೊರಟ ಸಾವಿರಾರು ಕಿರಣಗಳು ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಓಡಿ, ಬಡಿದಲ್ಲೆಲ್ಲ ಶಕ್ತಿ ಕಳೆದುಕೊಂಡು ಕೇಳುಗನ ಜಾಗ ತಲುಪುತ್ತವೆ. ಯಾವ ಕುರ್ಚಿಗೆ ಎಷ್ಟು ಡೆಸಿಬೆಲ್, ಎಲ್ಲಿ ಮಾತು ಮಸುಕು ಎಂಬುದು ನಕ್ಷೆಯ ಮೇಲೆ ಬಣ್ಣಗಳಾಗಿ ಮೂಡುತ್ತದೆ. ಇನ್ನೂ ಕಟ್ಟದ ಭವನದಲ್ಲಿ ಭಾಗವತಿಕೆ ಹೇಗೆ ಕೇಳಿಸೀತು ಎಂಬುದನ್ನು ಹೆಡ್‌ಫೋನಿನಲ್ಲಿ ಕೇಳಲೂಬಹುದು.

ಈ ವಿಧಾನಕ್ಕೂ ಮಿತಿಗಳಿವೆ. ಶಬ್ದ ನಿಜಕ್ಕೂ ಅಲೆ. ತಗ್ಗು ಶ್ರುತಿಯಲ್ಲಿ ಮತ್ತು ಚಿಕ್ಕ ಕೋಣೆಗಳಲ್ಲಿ ಕಿರಣದ ಲೆಕ್ಕ ಸಾಲದು. ವಿಜಯಪುರದ ಗೋಲಗುಮ್ಮಟದಲ್ಲಿ ಪಿಸುಮಾತು ಗೋಡೆಯ ಬಾಗನ್ನೇ ಹಿಡಿದು ಎದುರು ಬದಿಗೆ ತೆವಳುವಂಥ ವಿದ್ಯಮಾನದ ಪೂರ್ಣ ವಿವರಣೆಗೆ ಅಲೆಗಳ ಲೆಕ್ಕವೂ ಬೇಕು. ಕರಾವಳಿಯಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ: ಶೀಟಿನ ಮಾಡಿನ ಮೇಲೆ ಸುರಿಯುವ ಆಷಾಢದ ಮಳೆಯ ಸದ್ದನ್ನು ಹಿನ್ನೆಲೆ ಶಬ್ದವಾಗಿ ಸೇರಿಸದಿದ್ದರೆ, ಪರದೆಯ ಮೇಲೆ ಚೆನ್ನಾಗಿ ಕಂಡ ಭವನದಲ್ಲಿ ಜುಲೈ ತಿಂಗಳಲ್ಲಿ ಒಂದು ಮಾತೂ ತಿಳಿಯದು.

ಸಭಾಭವನ ಕಟ್ಟಲು ಹೊರಟ ಸಮಿತಿಗಳು ನಕ್ಷೆಗೆ ಸಹಿ ಹಾಕುವ ಮುನ್ನ ಎಂಜಿನಿಯರರಿಂದ ಎರಡು ಅಂಕಿಗಳನ್ನು ಕೇಳಿ ಪಡೆಯಲಿ: ಭವನ ಖಾಲಿಯಿದ್ದಾಗ ಅನುರಣನ ಎಷ್ಟು, ತುಂಬಿದಾಗ ಎಷ್ಟು.